ದಿನಕ್ಕೆ 22 ನಿಮಿಷ: ಕನ್ನಡ ಧಾರಾವಾಹಿ ನಿರ್ದೇಶಕರು ಮಾಡುವ ಕೆಲಸವೇನು?

ಸಂಜೆ ಏಳೂವರೆಗೆ ಶುರುವಾಗಿ ಎಂಟಕ್ಕೆ ಮುಗಿಯುವ ಧಾರಾವಾಹಿಯಲ್ಲಿ ಕಥೆ ಓಡುವುದು ಹೆಚ್ಚುಕಡಿಮೆ 22 ನಿಮಿಷ. ಜಾಹೀರಾತು ಮತ್ತು ವಾಹಿನಿಯ ಸ್ವಂತ ಪ್ರೊಮೊ ಸೇರಿ ಗಂಟೆಗೆ 12 ನಿಮಿಷ ಮೀರಬಾರದು ಎಂಬುದು ಕೇಬಲ್ ಟಿವಿ ನಿಯಮ. ಅರ್ಧ ಗಂಟೆಯಲ್ಲಿ ಆ ಆರು ನಿಮಿಷ, ಟೈಟಲ್ ಸಾಂಗು, ‘ಹಿಂದಿನ ಸಂಚಿಕೆಯಲ್ಲಿ’ ಎಂಬ ತುಣುಕು ಎಲ್ಲ ಕಳೆದರೆ ಉಳಿಯುವುದು ಇಷ್ಟೇ. ವಾರಕ್ಕೆ ಐದು ಸಂಚಿಕೆಯಾದರೆ 110 ನಿಮಿಷ, ಆರಾದರೆ 132. ಪ್ರತಿ ವಾರವೂ ಒಂದೊಂದು ಸಿನಿಮಾದ ಉದ್ದ. ಸಿನಿಮಾ ತಂಡ ದಿನಕ್ಕೆ ಎರಡು-ಮೂರು ನಿಮಿಷದ ಫುಟೇಜ್ ಸಿಕ್ಕರೆ ನೆಮ್ಮದಿಯಿಂದ ಪ್ಯಾಕಪ್ ಹೇಳುತ್ತದೆ. ಧಾರಾವಾಹಿ ತಂಡ ದಿನಕ್ಕೊಂದು ಸಂಚಿಕೆ ತೆಗೆಯಲೇಬೇಕು, ತಿಂಗಳಿಗೆ 20–25 ದಿನ, ವರ್ಷಗಟ್ಟಲೆ.

ಈ ಲೆಕ್ಕ ತಲೆಗೆ ಹೋಗದಿದ್ದರೆ ಧಾರಾವಾಹಿಯ ಯಾವುದೂ ಅರ್ಥವಾಗುವುದಿಲ್ಲ. ಮೂರು ಸಲ ಬರುವ ರಿಯಾಕ್ಷನ್ ಶಾಟ್, ಮುಗಿಯದ ಫೋನ್ ಮಾತುಕತೆ, ಹಾಲ್‌ನಲ್ಲೇ ನಡೆಯುವ ಎಲ್ಲ ಜಗಳ, ಇವುಗಳ ಬೇರು ಬಹುಪಾಲು ಇದರಲ್ಲಿದೆ. ಧಾರಾವಾಹಿ ನಿರ್ದೇಶಕರ ಕೈಯಲ್ಲಿರುವ ಮುಖ್ಯ ಬಂಡವಾಳ ಸಮಯ. ಯಾವ ಸೀನಿಗೆ ಮೂರು ಗಂಟೆ ಕೊಡಬೇಕು, ಯಾವುದನ್ನು ನಲವತ್ತು ನಿಮಿಷದಲ್ಲಿ ಮುಗಿಸಿ ಎದ್ದುಬಿಡಬೇಕು ಎಂದು ಬೆಳಿಗ್ಗೆಯೇ ತೀರ್ಮಾನಿಸುವವರು ಒಳ್ಳೆಯ ನಿರ್ದೇಶಕರು. ಎಲ್ಲ ಸೀನನ್ನೂ ಒಂದೇ ಶ್ರದ್ಧೆಯಿಂದ ತೆಗೆಯಲು ಹೊರಟವರು ಮೂರನೇ ವಾರಕ್ಕೆ ಸೋಲುತ್ತಾರೆ.

ಕಥೆ ಯಾರ ಕೈಯಲ್ಲಿರುತ್ತದೆ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆ ಕಾಲದಲ್ಲಿ ವಾರಕ್ಕೊಂದು ಕಂತು. ಹದಿಮೂರು ಕಂತಿಗೆ ಅನುಮತಿ ಸಿಕ್ಕರೆ ದೊಡ್ಡದು. ನಿರ್ದೇಶಕರೇ ಕಥೆಯನ್ನು ಆರಿಸಿ, ಬರೆಸಿ, ತೆಗೆಯುತ್ತಿದ್ದರು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ (ಈಗಿನ ಕಲರ್ಸ್ ಕನ್ನಡ), 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದ ಮೇಲೆ ಕಂತು ದಿನವಹಿಯಾಯಿತು, ಕಥೆಯ ಚುಕ್ಕಾಣಿ ನಿಧಾನವಾಗಿ ವಾಹಿನಿಯ ಕಡೆಗೆ ಸರಿಯಿತು.

ಈಗ ಸಾಮಾನ್ಯ ಪದ್ಧತಿ ಹೀಗೆ. ವಾಹಿನಿಯ ಫಿಕ್ಷನ್ ವಿಭಾಗ ಕಥೆಯ ಎಳೆಯನ್ನು ಒಪ್ಪುತ್ತದೆ, ಎಷ್ಟೋ ಸಲ ಅದು ಬೇರೆ ಭಾಷೆಯ ಧಾರಾವಾಹಿಯ ರಿಮೇಕ್. ನಿರ್ಮಾಣ ಸಂಸ್ಥೆ ಸಂಚಿಕೆಗೆ ಇಂತಿಷ್ಟು ಎಂಬ ದರದಲ್ಲಿ ತಯಾರಿಸಿ ಕೊಡುತ್ತದೆ. ಚಿತ್ರಕಥೆಗಾರರು ವಾರದ ‘ಒನ್‌ಲೈನ್’ (ಸೀನುವಾರು ಚುಟುಕು ಕಥೆ) ಮಾಡುತ್ತಾರೆ, ಅದಕ್ಕೆ ವಾಹಿನಿಯ ಇಪಿ (ಎಕ್ಸಿಕ್ಯುಟಿವ್ ಪ್ರೊಡ್ಯೂಸರ್, ಧಾರಾವಾಹಿಯ ಉಸ್ತುವಾರಿ ನೋಡುವವರು) ಸಮ್ಮತಿ ಕೊಟ್ಟ ಮೇಲೆ ಸಂಭಾಷಣೆಕಾರರು ಸೀನ್ ಪೇಪರ್ ಬರೆಯುತ್ತಾರೆ. ಇದು ನಿರ್ದೇಶಕರ ಕೈಗೆ ಬರುವುದು ಹಿಂದಿನ ರಾತ್ರಿ. ಕೆಟ್ಟ ವಾರಗಳಲ್ಲಿ ಬೆಳಿಗ್ಗೆ ಕಲಾವಿದರು ಮೇಕಪ್‌ಗೆ ಕೂತಾಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ.

ಟೈಟಲ್ ಕಾರ್ಡಿನಲ್ಲಿ ‘ಪ್ರಧಾನ ನಿರ್ದೇಶನ’, ‘ಸಂಚಿಕೆ ನಿರ್ದೇಶನ’ ಎಂದು ಎರಡು ಹೆಸರು ಕಾಣುವುದುಂಟು. ಪ್ರಧಾನ ನಿರ್ದೇಶಕರು ಕಥೆಯ ಹದ, ಪಾತ್ರಗಳ ಸ್ವಭಾವ, ಎಡಿಟಿಂಗ್ ನೋಡಿಕೊಳ್ಳುತ್ತಾರೆ. ಸೆಟ್‌ನಲ್ಲಿ ನಿಂತು ‘ಆ್ಯಕ್ಷನ್’ ಹೇಳುವವರು ಸಂಚಿಕೆ ನಿರ್ದೇಶಕರು. ಇವರಿಬ್ಬರಿಗೂ ಮಾತುಕತೆ ಕಡಿಮೆಯಾದ ಕ್ಷಣ ಸೌಮ್ಯ ಸ್ವಭಾವದ ಅತ್ತೆ ಇದ್ದಕ್ಕಿದ್ದಂತೆ ಖಳನಾಯಕಿಯ ಧಾಟಿಯಲ್ಲಿ ಮಾತಾಡತೊಡಗುತ್ತಾಳೆ. ನೋಡುವವರು ಬರಹಗಾರರನ್ನು ಬೈಯುತ್ತಾರೆ.

ಬರಹದ ಮೇಲೆ ಹಿಡಿತ ಇಟ್ಟುಕೊಂಡ ನಿರ್ದೇಶಕರೂ ಇದ್ದಾರೆ. ಟಿ. ಎನ್. ಸೀತಾರಾಂ ಅವರ ನ್ಯಾಯಾಲಯದ ಸನ್ನಿವೇಶಗಳು ಎಲ್ಲರಿಗೂ ಗೊತ್ತು. ಅವುಗಳ ಸೊಗಸು ಮಾತಿನಲ್ಲಿದೆ, ನಿಜ. ಆದರೆ ತಯಾರಿಕೆಯ ಕಣ್ಣಿನಿಂದ ನೋಡಿದರೆ ಕೋರ್ಟ್ ಸೀನಿನಷ್ಟು ಜಾಣ ಸೀನು ಇನ್ನೊಂದಿಲ್ಲ: ಒಂದೇ ಸೆಟ್, ಎಲ್ಲರೂ ಕೂತ ಜಾಗದಲ್ಲಿ, ಲೈಟ್ ಬದಲಿಸುವ ಗೋಜಿಲ್ಲ, ಪುಟಗಟ್ಟಲೆ ಸಂಭಾಷಣೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಕಾಂಬಿನೇಷನ್ ಎಂಬ ಗಂಟು

ಒಂದು ಸೀನಿಗೆ ಬೇಕಾದ ಕಲಾವಿದರೆಲ್ಲ ಒಂದೇ ದಿನ ಸೆಟ್‌ನಲ್ಲಿ ಸಿಗುವುದಕ್ಕೆ ಕಾಂಬಿನೇಷನ್ ಎನ್ನುತ್ತಾರೆ. ಹೊರಗಿನವರು ಊಹಿಸದ ಕಷ್ಟ ಇದು. ಪೋಷಕ ಪಾತ್ರದ ಕಲಾವಿದರು ಏಕಕಾಲಕ್ಕೆ ಎರಡು ಧಾರಾವಾಹಿ ಮಾಡುತ್ತಿರುತ್ತಾರೆ, ಒಂದೊಂದಕ್ಕೆ ತಿಂಗಳಲ್ಲಿ ಹತ್ತು-ಹನ್ನೆರಡು ದಿನ ಡೇಟ್ಸ್ ಕೊಡುತ್ತಾರೆ. ನಾಯಕನ ಡೇಟ್ಸ್ 1ರಿಂದ 12, ತಾಯಿ ಪಾತ್ರದವರದು 8ರಿಂದ 20 ಎಂದಿಟ್ಟುಕೊಳ್ಳಿ. ಇಬ್ಬರೂ ಒಟ್ಟಿಗೆ ಸಿಗುವುದು 8ರಿಂದ 12ರವರೆಗಿನ ಐದು ದಿನ ಮಾತ್ರ. ಇಡೀ ತಿಂಗಳಲ್ಲಿ ತಾಯಿ-ಮಗ ಎದುರುಬದುರು ನಿಲ್ಲುವ ಪ್ರತಿ ಸೀನೂ ಆ ಐದು ದಿನದೊಳಗೆ ಮುಗಿಯಬೇಕು. ಅಜ್ಜಿ, ನಾದಿನಿ, ಭಾವ ಸೇರಿದ ಮನೆಮಂದಿ ಸೀನಿಗೆ ಏಳು ಜನರ ಡೇಟ್ಸ್ ಒಂದೇ ಮಧ್ಯಾಹ್ನದಲ್ಲಿ ಕೂಡಬೇಕು. ಇದನ್ನು ಕೂಡಿಸುವ ಅಸೋಸಿಯೇಟ್ ಡೈರೆಕ್ಟರ್ ಒಬ್ಬರು ಇದ್ದರೆ ನಿರ್ದೇಶಕರ ಅರ್ಧ ಆಯುಷ್ಯ ಉಳಿದ ಹಾಗೆ.

ಕೂಡದಿದ್ದರೆ? ಪಾತ್ರಗಳು ಫೋನಿನಲ್ಲಿ ಮಾತಾಡುತ್ತವೆ. ಧಾರಾವಾಹಿಗಳಲ್ಲಿ ಒಂದೇ ಊರಿನಲ್ಲಿರುವ ಅಣ್ಣ-ತಮ್ಮ ಇಷ್ಟೊಂದು ಫೋನ್ ಮಾಡಿಕೊಳ್ಳುವುದಕ್ಕೆ ಇದೇ ಕಾರಣ. ಇಲ್ಲವೇ ‘ಚೀಟ್’ ಮಾಡುತ್ತಾರೆ: ಇಂದು ಅತ್ತೆಯ ಕ್ಲೋಸ್ ಶಾಟ್‌ಗಳನ್ನೆಲ್ಲ ತೆಗೆದಿಟ್ಟು, ಹತ್ತು ದಿನದ ನಂತರ ಅದೇ ಜಾಗದಲ್ಲಿ ಸೊಸೆಯ ಶಾಟ್‌ಗಳು, ನಡುವೆ ಅತ್ತೆಯ ಸೀರೆ ಉಟ್ಟ ಸಹಾಯಕಿಯ ಬೆನ್ನಿನ ಒಂದು ಸಜೆಷನ್ ಶಾಟ್. ಎದುರಿಗಿರುವವರ ಭುಜದ ಮೇಲಿಂದ ತೆಗೆಯುವ ಶಾಟ್‌ಗೆ ನಮ್ಮ ಸೆಟ್‌ಗಳಲ್ಲಿ ಸಜೆಷನ್ ಎನ್ನುತ್ತಾರೆ. ಇಲ್ಲಿ ತಪ್ಪುವುದು ಎರಡು ವಿಷಯ. ಒಂದು, ನೋಟದ ದಿಕ್ಕು. ಅತ್ತೆ ಫ್ರೇಮಿನ ಬಲಕ್ಕೆ ನೋಡಿದ್ದರೆ ಸೊಸೆ ಎಡಕ್ಕೇ ನೋಡಬೇಕು. ಇಬ್ಬರೂ ಒಂದೇ ಕಡೆ ನೋಡಿದರೆ ‘ಲುಕ್ ಮಿಸ್’, ಇಬ್ಬರೂ ಮೂರನೆಯವರ ಜತೆ ಮಾತಾಡಿದಂತೆ ಕಾಣುತ್ತದೆ. ಇನ್ನೊಂದು, ಕಣ್ಣಿನ ಎತ್ತರ. ಎದುರಿಗೆ ಯಾರೂ ಇಲ್ಲದಾಗ ಕಲಾವಿದರು ಸಹಜವಾಗಿ ಕ್ಯಾಮೆರಾ ಪಕ್ಕದಲ್ಲಿ ಪ್ರಾಂಪ್ಟ್ ಮಾಡುತ್ತಿರುವ, ಅಂದರೆ ಸಂಭಾಷಣೆ ಹೇಳಿಕೊಡುತ್ತಿರುವ ಸಹಾಯಕರ ಮುಖ ನೋಡುತ್ತಾರೆ, ಆತ ಕುಳಿತಿದ್ದರೆ ನೋಟ ಕೆಳಗಿಳಿಯುತ್ತದೆ. ಸ್ಟ್ಯಾಂಡಿಗೆ ಒಂದು ಬಣ್ಣದ ಟೇಪ್ ಅಂಟಿಸಿ ಅಲ್ಲಿ ನೋಡಿ ಎಂದರೆ ಸಾಕು, ಐದು ಸೆಕೆಂಡಿನ ಕೆಲಸ.

ಕಥೆಯ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲವಾದ್ದರಿಂದ ಕಂಟಿನ್ಯುಟಿ (ಶಾಟ್‌ನಿಂದ ಶಾಟ್‌ಗೆ ಉಡುಪು, ವಸ್ತುಗಳ ಹೊಂದಿಕೆ) ಬರೆಯುವವರ ಮೇಲೆ ಭಾರ ಹೆಚ್ಚು. ಪ್ರತಿ ಸೀನ್ ಪೇಪರಿನ ಮೇಲೆ ‘ಕಥೆಯ ಎಷ್ಟನೇ ದಿನ’ ಎಂದು ಬರೆದಿರಬೇಕು. ಆ ದಿನ ಬದಲಾಗುವವರೆಗೆ ಸೀರೆ, ಬಳೆ, ಬೊಟ್ಟು ಬದಲಾಗುವಂತಿಲ್ಲ. ಮೊಬೈಲಿನಲ್ಲಿ ಮುಂದಿನಿಂದ, ಹಿಂದಿನಿಂದ, ಎರಡೂ ಕೈಗಳದ್ದು ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳುವುದು ಕಡ್ಡಾಯ. ಹೆಚ್ಚು ತಪ್ಪುವ ಜಾಗಗಳು ಎಲ್ಲ ಸೆಟ್‌ನಲ್ಲೂ ಅವೇ: ಮಾಂಗಲ್ಯ ಸೆರಗಿನ ಒಳಗಿತ್ತೋ ಹೊರಗಿತ್ತೋ, ಹಣೆಯ ಬ್ಯಾಂಡೇಜ್ ಎಡಕ್ಕೋ ಬಲಕ್ಕೋ, ಮುಡಿದ ಮಲ್ಲಿಗೆ ಎಷ್ಟು ಉದ್ದವಿತ್ತು. ಮಧ್ಯಾಹ್ನಕ್ಕೆ ಹೂವು ಬಾಡುತ್ತದೆ. ಬೆಳಿಗ್ಗೆಯೇ ಒಂದೇ ಅಳತೆಯ ಎರಡು ತುಂಡು ಕತ್ತರಿಸಿ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವ ಸಹಾಯಕರು ಬೇಗ ಮೇಲೆ ಬರುತ್ತಾರೆ.

ನಾಲ್ಕು ನಿಮಿಷದ ಸೀನು, ಒಂದೂವರೆ ಗಂಟೆ

ಒಂದು ಸಂಚಿಕೆಯಲ್ಲಿ ಐದರಿಂದ ಏಳು ಸೀನು. ಹನ್ನೆರಡು ಗಂಟೆಯ ಕಾಲ್‌ಶೀಟ್‌ನಲ್ಲಿ ತಿಂಡಿ, ಊಟ, ಮೇಕಪ್ ಕಳೆದು ಉಳಿಯುವುದು ಒಂಬತ್ತು ಗಂಟೆ. ಹಾಗಾಗಿ ಸರಾಸರಿ ಸೀನಿಗೆ ಒಂದೂವರೆ ಗಂಟೆ. ಈ ಅವಧಿಯನ್ನು ನುಂಗುವುದು ನಟನೆಗಿಂತ ಲೈಟಿಂಗ್. ಕ್ಯಾಮೆರಾ ಹಾಲ್‌ನ ಒಂದು ದಿಕ್ಕಿನಿಂದ ಎದುರು ದಿಕ್ಕಿಗೆ ತಿರುಗಿತು ಎಂದರೆ ಸ್ಟ್ಯಾಂಡು, ಬೆಳಕು ತಡೆಯುವ ಕಟ್ಟರ್, ಥರ್ಮಾಕೋಲ್ ಎಲ್ಲ ಜಾಗ ಬದಲಿಸಬೇಕು. ಇಪ್ಪತ್ತು-ಮೂವತ್ತು ನಿಮಿಷ ಹೋಯಿತು. ಅದಕ್ಕೇ ಅನುಭವಿ ನಿರ್ದೇಶಕರು ಮೊದಲು ಎರಡು ಕ್ಯಾಮೆರಾದಲ್ಲಿ ಇಡೀ ಸೀನು ಕಾಣುವ ಮಾಸ್ಟರ್ ಶಾಟ್ ತೆಗೆದು, ಆಮೇಲೆ ಒಂದು ದಿಕ್ಕಿನ ಎಲ್ಲ ಮಿಡ್, ಕ್ಲೋಸ್, ಸಜೆಷನ್‌ಗಳನ್ನು ಮುಗಿಸಿ, ಒಂದೇ ಒಂದು ಸಲ ಲೈಟ್ ತಿರುಗಿಸಿ ಕೌಂಟರ್‌ಗೆ, ಅಂದರೆ ಎದುರು ದಿಕ್ಕಿನ ಶಾಟ್‌ಗಳಿಗೆ ಹೋಗುತ್ತಾರೆ. ಆರು ಜನರಿರುವ ಸೀನಿನಲ್ಲಿ ಸುತ್ತಲೂ ನಿಲ್ಲಿಸಿದರೆ ಮೂರು-ನಾಲ್ಕು ಸಲ ತಿರುಗಬೇಕಾಗುತ್ತದೆ. ನಾಲ್ವರನ್ನು ಸೋಫಾದ ಕಡೆ, ಇಬ್ಬರನ್ನು ಬಾಗಿಲ ಕಡೆ ನಿಲ್ಲಿಸಿದರೆ ಒಂದೇ ತಿರುವು. ಧಾರಾವಾಹಿಯ ಕುಟುಂಬ ಜಗಳದಲ್ಲಿ ಯಾವಾಗಲೂ ಎರಡೇ ಪಕ್ಷ ಇರುವುದು ಇದರಿಂದಲೂ ಹೌದು!

ಸೀನಿನ ಕೊನೆಗೆ ಎಲ್ಲರದೂ ಮಾತಿಲ್ಲದ ಹದಿನೈದು-ಇಪ್ಪತ್ತು ಸೆಕೆಂಡಿನ ರಿಯಾಕ್ಷನ್ ತೆಗೆದಿಟ್ಟುಕೊಳ್ಳುತ್ತಾರೆ: ಅಚ್ಚರಿ, ಸಿಟ್ಟು, ಸುಮ್ಮನೆ ಕೇಳುವುದು. ಎಡಿಟಿಂಗ್‌ನಲ್ಲಿ ಸಂಚಿಕೆ ನಲವತ್ತು ಸೆಕೆಂಡು ಕಡಿಮೆ ಬಿತ್ತೆಂದರೆ ಆ ಶಾಟ್‌ಗಳೇ ಗತಿ. ಗುಡುಗಿನ ಸದ್ದಿನ ಜತೆ ಒಂದೇ ಮುಖ ಮೂರು ಸಲ ಬಂದರೆ ಅಂದು ಫುಟೇಜ್ ಸಾಲದೇ ಬಂದಿತ್ತು ಎಂದು ಧಾರಾಳವಾಗಿ ಊಹಿಸಬಹುದು. ತಮಾಷೆಯೆಂದರೆ, ಕೊರತೆ ತುಂಬುವ ಈ ಉಪಾಯವನ್ನೇ ಶೈಲಿ ಎಂದುಕೊಂಡು ಫುಟೇಜ್ ಸಾಕಷ್ಟಿದ್ದಾಗಲೂ ಹಾಕುವವರಿದ್ದಾರೆ. ಅದಕ್ಕೆ ಕ್ಷಮೆಯಿಲ್ಲ.

ಬೆಂಗಳೂರಿನಲ್ಲಿ ಬಹುಪಾಲು ಚಿತ್ರೀಕರಣ ನಡೆಯುವುದು ಬಾಡಿಗೆಯ ಶೂಟಿಂಗ್ ಮನೆಗಳಲ್ಲಿ: ರಾಜರಾಜೇಶ್ವರಿನಗರ, ನಾಗರಭಾವಿ, ಕೆಂಗೇರಿ, ಉತ್ತರಹಳ್ಳಿ ಕಡೆ. ದೊಡ್ಡ ಸೆಟ್ ಬೇಕಾದರೆ ಕಂಠೀರವ ಅಥವಾ ಅಬ್ಬಯ್ಯನಾಯ್ಡು ಸ್ಟುಡಿಯೊ. ಮನೆ ಆರಿಸುವಾಗ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಸದ್ದು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆಯೇ, ಮಾರ್ಬಲ್ ಕತ್ತರಿಸುವ ಯಂತ್ರ ಇದೆಯೇ, ಬೋರ್‌ವೆಲ್ ಮೋಟಾರ್ ಎಷ್ಟು ಗಂಟೆಗೆ ಓಡುತ್ತದೆ, ಮೇಲೆ ಶೀಟ್ ಹೊದಿಸಿದ್ದಾರೆಯೇ. ಶೀಟ್ ಇದ್ದರೆ ಮಳೆ ಬಂದ ಮಧ್ಯಾಹ್ನ ಸೌಂಡ್ ಕೈಕೊಟ್ಟಂತೆ, ಆ ಸೀನುಗಳಿಗೆ ಡಬ್ಬಿಂಗ್ ಮಾಡಿಸಬೇಕು. ಜನರೇಟರ್ ವ್ಯಾನ್ ನಿಲ್ಲಿಸಲು ಮನೆಯಿಂದ ದೂರದಲ್ಲಿ ಜಾಗ ಬೇಕು. ಹಾಲ್‌ನ ಅಗಲ ಹದಿನೆಂಟು-ಇಪ್ಪತ್ತು ಅಡಿಗಿಂತ ಕಡಿಮೆಯಿದ್ದರೆ ಮಾಸ್ಟರ್ ತೆಗೆಯಲು ಹಿಂದೆ ಸರಿಯುವುದಕ್ಕೇ ಆಗುವುದಿಲ್ಲ.

ಪ್ರಾಂಪ್ಟಿಂಗ್ ಬಗ್ಗೆ ಮೂಗು ಮುರಿಯುವವರಿದ್ದಾರೆ. ಆದರೆ ಬೆಳಿಗ್ಗೆ ಬಂದ ಹನ್ನೆರಡು ಪುಟವನ್ನು ಯಾರೂ ಬಾಯಿಪಾಠ ಮಾಡಲಾರರು. ಒಳ್ಳೆಯ ಪ್ರಾಂಪ್ಟರ್ ವಾಕ್ಯವನ್ನು ಅರ್ಥದ ತುಂಡುಗಳಾಗಿ ಒಡೆದು, ಭಾವವಿಲ್ಲದೆ, ಹಿಂದಿನ ಮಾತು ಪೂರ್ತಿ ನಿಂತ ಮೇಲೆ ಹೇಳುತ್ತಾರೆ. ಕಲಾವಿದರ ಮಾತಿನ ಮೇಲೆ ಪ್ರಾಂಪ್ಟರ್ ದನಿ ಬಿದ್ದರೆ ಅದನ್ನು ಬಿಡಿಸಿ ತೆಗೆಯಲು ಬಾರದು. ಭಾವ ತುಂಬಿ ಹೇಳಿದರೆ ಕಲಾವಿದರೂ ಅದೇ ರಾಗ ಹಿಡಿಯುತ್ತಾರೆ, ಕೊನೆಗೆ ಇಡೀ ಮನೆಯವರು ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ.

ತಾಂತ್ರಿಕವಾಗಿ ಒಂದು ಎಚ್ಚರಿಕೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಪ್ರಸಾರ ಸೆಕೆಂಡಿಗೆ 25 ಫ್ರೇಮ್. ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡ್ ಇರಬೇಕು. ಯಾರೋ 1/60ಕ್ಕೆ ಬದಲಿಸಿಟ್ಟರೆ ಮನೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕು ಅಲೆಯಲೆಯಾಗಿ ಮಿನುಗುತ್ತದೆ. ಸೆಟ್‌ನ ಚಿಕ್ಕ ಮಾನಿಟರಿನಲ್ಲಿ ಇದು ಕಾಣದೆ ಎಡಿಟಿಂಗ್ ಟೇಬಲ್ಲಿನಲ್ಲಿ ಬಯಲಾಗುತ್ತದೆ.

ಮಕ್ಕಳ ಪಾತ್ರವಿದ್ದರೆ ಬಾಲಕಾರ್ಮಿಕ ನಿಯಮಗಳು ಅನ್ವಯಿಸುತ್ತವೆ: ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ದಿನಕ್ಕೆ ಐದು ಗಂಟೆ ಮೀರದ ಕೆಲಸ, ಮೂರು ಗಂಟೆಗೊಮ್ಮೆ ವಿಶ್ರಾಂತಿ, ಸತತ 27 ದಿನ ದಾಟುವಂತಿಲ್ಲ, ಗಳಿಕೆಯ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿಗೆ. ಮಗುವಿನ ಸೀನುಗಳನ್ನು ದಿನದ ಮೊದಲಿಗೇ ಹಾಕುವುದು ನಿಯಮಕ್ಕೂ ಒಳ್ಳೆಯದು, ನಟನೆಗೂ ಒಳ್ಳೆಯದು.

ಬ್ಯಾಂಕ್

ಪ್ರಸಾರಕ್ಕೆ ಸಿದ್ಧವಾಗಿ ಕೂತಿರುವ ಸಂಚಿಕೆಗಳ ದಾಸ್ತಾನಿಗೆ ಬ್ಯಾಂಕ್ ಎನ್ನುತ್ತಾರೆ. ಎಂಟು-ಹತ್ತು ಸಂಚಿಕೆ ಇದ್ದರೆ ನಿರ್ದೇಶಕರು ನಿದ್ದೆ ಮಾಡುತ್ತಾರೆ. ಮೂರಕ್ಕೆ ಇಳಿದರೆ ನಿರ್ಮಾಪಕರಿಂದ ಫೋನ್ ಶುರು. ಒಂದಕ್ಕೆ ಬಂದರೆ ಬೆಳಿಗ್ಗೆ ತೆಗೆದದ್ದು ರಾತ್ರಿ ಪ್ರಸಾರ. ಎಡಿಟರ್, ಹಿನ್ನೆಲೆ ಸಂಗೀತ, ಬಣ್ಣ ತಿದ್ದುವವರು ಒಂದೇ ಸಂಚಿಕೆಯ ಬೇರೆ ಬೇರೆ ಭಾಗ ಹಿಡಿದು ಕೂರುತ್ತಾರೆ. ವಾಹಿನಿಯ ಪ್ರಿವ್ಯೂನಲ್ಲಿ ಒಂದು ತಿದ್ದುಪಡಿ ಬಂದರೂ ಮಾಡಲು ಹೊತ್ತಿರುವುದಿಲ್ಲ.

ಬ್ಯಾಂಕ್ ಕರಗಲು ದೊಡ್ಡ ಅನಾಹುತ ಬೇಕಿಲ್ಲ. ನಾಯಕಿಗೆ ನಾಲ್ಕು ದಿನ ಜ್ವರ ಬಂದರೆ ಸಾಕು. ಶುಕ್ರವಾರ ಇಪಿ ಕಥೆಯ ಒಂದು ಎಳೆಗೆ ‘ಈ ಟ್ರ್ಯಾಕ್ ಬೇಡ’ ಎಂದರೆ ತೆಗೆದಿಟ್ಟ ಮೂರು ಸಂಚಿಕೆ ಕಸ. ಹಬ್ಬದ ಸಂಚಿಕೆಗಳು ಇನ್ನೂ ಕಷ್ಟ: ದೀಪಾವಳಿ ಸೀನು ದೀಪಾವಳಿ ವಾರವೇ ಬರಬೇಕು, ಅದರ ಹಿಂದಿನ ಕಥೆ ಅಷ್ಟರೊಳಗೆ ಅಲ್ಲಿಗೆ ಮುಟ್ಟಿರಬೇಕು, ಮೇಲಾಗಿ ಆ ವಾರ ಎಲ್ಲರೂ ಊರಿಗೆ ಹೋಗುತ್ತಾರೆ. ಸರಿಪಡಿಸುವ ದಾರಿಗಳೆಂದರೆ ಎರಡನೇ ಯೂನಿಟ್ (ಅದೇ ಹೊತ್ತಿಗೆ ಬೇರೆ ಸೀನು ತೆಗೆಯುವ ಇನ್ನೊಂದು ತಂಡ) ಇಳಿಸುವುದು, ಔಟ್‌ಡೋರ್ ಕೈಬಿಟ್ಟು ಮಾತಿನ ಸೀನು ಉದ್ದ ಮಾಡುವುದು, ಹಳೆಯ ದೃಶ್ಯಗಳನ್ನು ಹೆಣೆದು ನೆನಪಿನ ಸಂಚಿಕೆ ಮಾಡುವುದು. ಎರಡನೇ ಯೂನಿಟ್ ಖರ್ಚು ಹೆಚ್ಚು, ಆದರೆ ಗುಣಮಟ್ಟಕ್ಕೆ ಪೆಟ್ಟು ಕಡಿಮೆ. ಬೇಗ ಇಳಿಸಿದಷ್ಟೂ ಲಾಭ. ನಿರ್ಮಾಪಕರು ಇದನ್ನು ಒಪ್ಪುವುದು ಸಾಮಾನ್ಯವಾಗಿ ಎರಡು ದಿನ ತಡವಾಗಿ.

2020ರ ಮಾರ್ಚ್‌ನಲ್ಲಿ ಚಿತ್ರೀಕರಣ ನಿಂತಾಗ ಕನ್ನಡ ಧಾರಾವಾಹಿಗಳ ಬ್ಯಾಂಕ್ ಬೇಗನೆ ಬರಿದಾಯಿತು, ವಾಹಿನಿಗಳು ಹಳೆಯ ಸಂಚಿಕೆಗಳಿಗೆ ಮರಳಿದವು. 2021ರ ಎರಡನೇ ಅಲೆಯಲ್ಲಿ ಪಾಠ ಕಲಿತಿದ್ದ ಹಲವು ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಕೆಲಸ ಮುಂದುವರಿಸಿದವು. ಮನೆ ಬದಲಾಯಿತು, ಪಾತ್ರಗಳೆಲ್ಲ ಏಕೆ ಬೇರೆ ಮನೆಗೆ ಹೋದವು ಎಂಬುದಕ್ಕೆ ಬರಹಗಾರರು ರಾತ್ರೋರಾತ್ರಿ ಕಾರಣ ಹುಡುಕಬೇಕಾಯಿತು.

ಗುರುವಾರ

ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಜೋಡಿಸಿದೆ. ವಾಹಿನಿಯ ಧ್ವನಿಯೊಳಗೆ ಕಿವಿಗೆ ಕೇಳದ ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿದು ಯಾವ ವಾಹಿನಿ ಎಂದು ದಾಖಲಿಸುತ್ತದೆ. ವಾರ ಎಂದರೆ ಶನಿವಾರದಿಂದ ಶುಕ್ರವಾರ, ಅಂಕಿ ಬರುವುದು ಮುಂದಿನ ಗುರುವಾರ. ಎಂಟು ಸಂಚಿಕೆ ಬ್ಯಾಂಕ್ ಇರುವ ಧಾರಾವಾಹಿಯಲ್ಲಿ ಇಂದು ತೆಗೆದ ಸೀನು ಪ್ರಸಾರವಾಗುವುದು ಹತ್ತು ದಿನದ ನಂತರ, ಅದರ ಟಿಆರ್‌ಪಿ ತಿಳಿಯುವುದು ಇನ್ನೊಂದು ವಾರಕ್ಕೆ. ಹೀಗೆ ಎರಡು-ಎರಡೂವರೆ ವಾರ ಹಳೆಯ ಸುದ್ದಿ ನೋಡಿ ನಾಳೆಯ ಸೀನು ಬದಲಿಸುತ್ತಿರುತ್ತಾರೆ. ಇಳಿದ ಅಂಕಿಗೆ ಕಾರಣವಾದ ಟ್ರ್ಯಾಕ್ ಅಷ್ಟರಲ್ಲಿ ಮುಗಿದೇ ಹೋಗಿರಬಹುದು. ಬೆದರಿ ಬದಲಿಸಿದರೆ ಚೆನ್ನಾಗಿ ಏರಬಹುದಾಗಿದ್ದ ಹೊಸ ಟ್ರ್ಯಾಕ್‌ಗೇ ಕತ್ತರಿ ಬೀಳುತ್ತದೆ. ಒಂದು ವಾರದ ಕುಸಿತಕ್ಕೆ ಕ್ರಿಕೆಟ್ ಪಂದ್ಯವೂ ಕಾರಣವಿರಬಹುದು. ಮೂರು ವಾರ ಸತತ ಇಳಿದರೆ ಕಥೆಯಲ್ಲೇ ತೊಡಕಿದೆ ಎಂದು ತಿಳಿಯುವುದು ಸರಿ. ಆಗ ಬರುವುದೇ ಮಹಾಸಂಚಿಕೆ, ಎರಡು ಧಾರಾವಾಹಿ ಕೂಡಿಸುವ ಮಹಾಸಂಗಮ, ಹೊಸ ಪಾತ್ರ. ಅದಕ್ಕೂ ಬಗ್ಗದಿದ್ದರೆ ಸ್ಲಾಟ್ (ಪ್ರಸಾರದ ಹೊತ್ತು) ಬದಲು, ಆಮೇಲೆ ಮುಕ್ತಾಯ. ನಿರ್ದೇಶಕರನ್ನು ಬದಲಿಸುವುದು ಇವೆಲ್ಲಕ್ಕಿಂತ ಅಗ್ಗವಾದ್ದರಿಂದ ಎಷ್ಟೋ ಸಲ ಅದೇ ಮೊದಲು ನಡೆಯುತ್ತದೆ.

ಬರುವ ದಾರಿ, ಹಣ, ಕರಾರು

ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಿಂದ, ಹೆಗ್ಗೋಡಿನ ನೀನಾಸಂನಿಂದ, ಹವ್ಯಾಸಿ ರಂಗಭೂಮಿಯಿಂದ, ಎಡಿಟಿಂಗ್ ಟೇಬಲ್ಲಿನಿಂದ ಬಂದವರೆಲ್ಲ ಈ ಕ್ಷೇತ್ರದಲ್ಲಿದ್ದಾರೆ. ಎಲ್ಲಿಂದ ಬಂದರೂ ಮೊದಲ ಕೆಲಸ ಕಂಟಿನ್ಯುಟಿ ಅಥವಾ ಪ್ರಾಂಪ್ಟಿಂಗ್. ನಂತರ ಅಸೋಸಿಯೇಟ್, ಆಮೇಲೆ ಎರಡನೇ ಯೂನಿಟ್. ಮುಖ್ಯ ನಿರ್ದೇಶಕರು ರಜೆ ಹಾಕಿದ ದಿನ ತೊಂದರೆಯಿಲ್ಲದೆ ಸಂಚಿಕೆ ಮುಗಿಸಿದವರ ಹೆಸರು ಇಪಿಗಳ ನೆನಪಿನಲ್ಲಿ ಉಳಿಯುತ್ತದೆ, ಅವಕಾಶ ಬರುವುದು ಬಹುತೇಕ ಹಾಗೆಯೇ. ಸಹಾಯಕರಾಗಿರುವಾಗಲೇ ವಾರಕ್ಕೊಂದು ರಾತ್ರಿ ಎಡಿಟರ್ ಪಕ್ಕ ಕೂರುವುದು ಯಾವ ಕೋರ್ಸ್‌ಗಿಂತ ಹೆಚ್ಚು ಕಲಿಸುತ್ತದೆ. ಯಾವ ಶಾಟ್ ತೆಗೆಯುವ ಅಗತ್ಯವೇ ಇರಲಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಸಂಭಾವನೆ ಸಾಮಾನ್ಯವಾಗಿ ಸಂಚಿಕೆ ಲೆಕ್ಕದಲ್ಲಿ. ಕೆಲಸ ಮಾಡಿದ ದಿನಗಳಿಗಲ್ಲ ಎಂಬುದು ನೆನಪಿರಲಿ: ಎಸೆದ ಸಂಚಿಕೆಗೆ, ಮತ್ತೆ ತೆಗೆದ ಸೀನಿಗೆ ಹಣ ಉಂಟೋ ಇಲ್ಲವೋ ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ನಿರ್ಮಾಪಕರಿಗೆ ವಾಹಿನಿಯ ಹಣ ಪ್ರಸಾರವಾಗಿ ಎರಡು-ಮೂರು ತಿಂಗಳಿಗೆ ಬರುವುದರಿಂದ ಅದೇ ವಿಳಂಬ ತಂಡಕ್ಕೂ ದಾಟುತ್ತದೆ. ಮೊದಲ ಧಾರಾವಾಹಿ ಒಪ್ಪಿಕೊಳ್ಳುವಾಗ ಮೂರು ತಿಂಗಳ ಮನೆ ಬಾಡಿಗೆ ಕೈಯಲ್ಲಿರಲಿ. ವೃತ್ತಿಪರ ಶುಲ್ಕದ ಮೇಲೆ ಶೇ. 10 ಟಿಡಿಎಸ್ ಕಡಿತವಾಗುತ್ತದೆ. ಕಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು 26ಎಎಸ್ ಎಂಬ ತೆರಿಗೆ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಹಕ್ಕಿನ ವಿಷಯದಲ್ಲಿ ಕಾನೂನು ನಿರ್ದೇಶಕರ ಪರವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲಚ್ಚಿತ್ರ ಕೃತಿಯ ಕರ್ತೃ ನಿರ್ಮಾಪಕ. 2012ರ ತಿದ್ದುಪಡಿಯ ಹೊತ್ತಿನಲ್ಲಿ ಪ್ರಧಾನ ನಿರ್ದೇಶಕರನ್ನೂ ಸಹಕರ್ತೃವಾಗಿಸುವ ಪ್ರಸ್ತಾವ ಇತ್ತು, ಅದು ಕೈಬಿಟ್ಟು ಹೋಯಿತು. ರಾಯಧನದ ಹಕ್ಕು ಸಿಕ್ಕಿದ್ದು ಬರಹಗಾರರಿಗೆ, ಸಂಗೀತದವರಿಗೆ. ನೀವು ಕಟ್ಟಿದ ಧಾರಾವಾಹಿ ನಾಳೆ ತಮಿಳಿಗೆ ರಿಮೇಕ್ ಆದರೆ, ತೆಲುಗಿಗೆ ಡಬ್ ಆದರೆ, ಓಟಿಟಿಯಲ್ಲಿ ವರ್ಷಗಟ್ಟಲೆ ಓಡಿದರೆ, ಕರಾರಿನಲ್ಲಿ ಬರೆಸಿಕೊಂಡಿಲ್ಲದಿದ್ದರೆ ನಿಮಗೆ ಏನೂ ಬರುವುದಿಲ್ಲ. ಹಣ ಕೇಳಲು ಆಗದಿದ್ದರೂ ಕನಿಷ್ಠ ಎರಡು ಸಾಲು ಸೇರಿಸಿ: ಮಧ್ಯದಲ್ಲಿ ಬದಲಿಸಿದರೂ ತೆಗೆದ ಸಂಚಿಕೆಗಳ ಟೈಟಲ್ ಕಾರ್ಡಿನಲ್ಲಿ ಹೆಸರು ಉಳಿಯಬೇಕು, ಕೆಲಸದ ಮಾದರಿಯಾಗಿ ದೃಶ್ಯಗಳನ್ನು ತೋರಿಸಿಕೊಳ್ಳಲು ಅನುಮತಿ ಇರಬೇಕು.

ಎರಡನೆಯದು ಮುಂದಿನ ಕೆಲಸಕ್ಕೆ ಬೇಕಾಗುತ್ತದೆ. ವಾಹಿನಿಗೆ ತೋರಿಸಲು ಹಾಡು-ಹೊಡೆದಾಟದ ತುಣುಕು ಜೋಡಿಸಿ ಕಳಿಸುವವರೇ ಹೆಚ್ಚು. ಅದನ್ನು ನೋಡಿ ಎಡಿಟರ್ ಚೆನ್ನಾಗಿದ್ದಾರೆ ಎಂದಷ್ಟೇ ತಿಳಿಯುತ್ತದೆ. ಐದಾರು ಜನರಿರುವ, ಕತ್ತರಿಸದ ನಾಲ್ಕು ನಿಮಿಷದ ಒಂದು ಮನೆ ಸೀನು ಕಳಿಸಿ, ಅದನ್ನು ಎಷ್ಟು ಗಂಟೆಯಲ್ಲಿ ತೆಗೆದದ್ದು ಎಂದು ಕೆಳಗೆ ಬರೆಯಿರಿ. ಇಪಿ ಮೊದಲು ಕೇಳುವುದು ಅದನ್ನೇ.